ಹನ್ನೆರಡು ನಿಮಿಷ ಮುಂದೆ

ನಮ್ಮ ಅಡುಗೆಮನೆಯ ಗಡಿಯಾರ ಹನ್ನೆರಡು ನಿಮಿಷ ಮುಂದಿದೆ. ಕೆಟ್ಟು ಹಾಗಾದದ್ದಲ್ಲ, ನಾನೇ ಇಟ್ಟದ್ದು. ಮದುವೆಯಾದ ವರ್ಷ ಮೊಳೆ ಹೊಡೆದು ತೂಗುಹಾಕುವಾಗಲೇ ಮುಳ್ಳನ್ನು ಅಷ್ಟು ಸರಿಸಿದ್ದೆ. ಸೆಲ್ಲು ಬದಲಿಸಿದಾಗಲೆಲ್ಲ ಕೈಗಡಿಯಾರ ನೋಡಿಕೊಂಡು ಮತ್ತೆ ಹನ್ನೆರಡು ನಿಮಿಷ ಮುಂದಿಡುತ್ತಿದ್ದೆ. ಹತ್ತು ಯಾಕಲ್ಲ, ಹದಿನೈದು ಯಾಕಲ್ಲ ಎಂದು ನೀವು ಕೇಳಬಹುದು. ನಮ್ಮ ಮನೆಯಿಂದ ಅಥಣಿ ಬಸ್ ನಿಲ್ದಾಣಕ್ಕೆ ನಡೆದು ಹೋಗಲು ಹನ್ನೆರಡು ನಿಮಿಷ ಬೇಕು. ಹೀಗಾಗಿ ನಾನು ಅಡುಗೆಮನೆಯಲ್ಲಿ ಕುಳಿತು ಚಹಾ ಕುಡಿಯುತ್ತಿರುವಾಗಲೇ ಗಡಿಯಾರದ ಪ್ರಕಾರ ನಿಲ್ದಾಣ ಮುಟ್ಟಿಬಿಟ್ಟಿರುತ್ತಿದ್ದೆ.

"ಹಂಗಾದ್ರ ಇಲ್ಲಿ ಕುಂತು ಚಾ ಕುಡ್ಯಾಕತ್ತಾವ್ರು ಯಾರ್ರಿ?" ಎಂದು ನನ್ನ ಹೆಂಡತಿ ಸುಮಿತ್ರಾ ಕೇಳುತ್ತಿದ್ದಳು.

ಆಕೆ ಆ ಗಡಿಯಾರವನ್ನು ನೋಡಿದ್ದನ್ನು ನಾನು ಕಾಣೆ. ಹೊಸ್ತಿಲ ಮೇಲೆ ಬಿಸಿಲು ಎಲ್ಲಿಗೆ ಬಂದಿದೆ ಎಂಬುದಷ್ಟೇ ಆಕೆಗೆ ಸಾಕಾಗುತ್ತಿತ್ತು. ಕಳೆದ ವಾರ ಗಡಿಯಾರ ನಿಂತಿತು. ಸ್ಟೂಲು ಹತ್ತಿ ಇಳಿಸಿ ಹೊಸ ಸೆಲ್ಲು ಹಾಕಿದೆ. ಆಮೇಲೆ ಮುಳ್ಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ನಾನು ನಿವೃತ್ತನಾಗಿ ಮೂರು ವರ್ಷವಾಯಿತು. ಸುಮಿತ್ರಾ ಹೋಗಿ ಒಂದು ವರ್ಷ ದಾಟಿತು. ಈಗ ನಾನು ಹನ್ನೆರಡು ನಿಮಿಷ ಮೊದಲು ಹೋಗಿ ಮುಟ್ಟಬೇಕಾದ ಜಾಗ ಈ ಊರಿನಲ್ಲಿ ಯಾವುದೂ ಇಲ್ಲ. ಸ್ಟೂಲಿನ ಮೇಲೆ ಗಡಿಯಾರ ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ. ಆಗ ನೆನಪಾದದ್ದನ್ನು ಬರೆಯಲು ಕುಳಿತಿದ್ದೇನೆ. ದುಃಖದ ಬಗ್ಗೆ ಬರೆಯಬೇಕೆಂದಿದ್ದೆ. ಆದರೆ ಪೆನ್ನು ಹಿಡಿದರೆ ಬರುತ್ತಿರುವುದು ಬರೀ ಹೊಟ್ಟೆಕಿಚ್ಚು. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ.

ಮೊದಲು ನನ್ನ ಕೆಲಸದ ಬಗ್ಗೆ ಎರಡು ಮಾತು. ಬಸ್ ನಿಲ್ದಾಣದಲ್ಲಿ ಜಾಳಿಗೆಯ ಹಿಂದೆ ಕುಳಿತು, ಬಸ್ಸುಗಳ ಹೊತ್ತು ಬರೆದುಕೊಳ್ಳುತ್ತ ಮೈಕಿನಲ್ಲಿ ಕೂಗುವವನನ್ನು ನೀವು ನೋಡಿದ್ದೀರಿ. ನಮ್ಮಲ್ಲಿ ಅವನಿಗೆ ಕಂಟ್ರೋಲರ್ ಎನ್ನುತ್ತಾರೆ. ನಾನು ಆ ಕಂಟ್ರೋಲರ್. ಕಾಗವಾಡದ ಮೇಲೆ ಮೀರಜಕ್ಕೆ ಹೋಗುವ ಬಸ್ಸು ಇನ್ನು ಸ್ವಲ್ಪ ಹೊತ್ತಿನಲ್ಲಿ ಬರಲಿದೆ ಎಂದು ಕನ್ನಡದಲ್ಲಿ ಒಮ್ಮೆ, ಮರಾಠಿಯಲ್ಲಿ ಒಮ್ಮೆ. ಆಮೇಲೆ ಚಿಕ್ಕೋಡಿ, ರಾಯಬಾಗ, ನಿಪ್ಪಾಣಿ. ಇಡೀ ಜೀವಮಾನ ನಾನು ಹೇಳಿದ್ದು ಬರಲಿರುವ ಬಸ್ಸಿನ ಸುದ್ದಿಯನ್ನೇ. ಬಂದು ನಿಂತ ಬಸ್ಸಿಗೂ ನನಗೂ ಸಂಬಂಧವಿರಲಿಲ್ಲ. ಅದು ಎದುರಿಗೇ ಗುರ್ ಗುರ್ ಎನ್ನುತ್ತ, ಹೊಗೆ ಬಿಡುತ್ತ ನಿಂತಿದ್ದರೂ ನನ್ನ ಕಣ್ಣು ಗೇಟಿನ ಕಡೆಗೇ ಇರುತ್ತಿತ್ತು. ಒಮ್ಮೆ ಒಬ್ಬ ಮುದುಕಿ ಜಾಳಿಗೆಗೆ ಮೂಗು ಹಚ್ಚಿ, "ಯಪ್ಪಾ, ಇದು ಎಲ್ಲಿ ಬಸ್ಸು?" ಎಂದು ಎದುರಿಗಿದ್ದ ಬಸ್ಸನ್ನು ತೋರಿಸಿ ಕೇಳಿದಳು. ನನಗೆ ಥಟ್ಟನೆ ಹೇಳಲಾಗಲಿಲ್ಲ. ಅದರ ಹಿಂದೆ ಬರುವ ಮೂರು ಬಸ್ಸುಗಳ ಹೆಸರು ಹೇಳಬಲ್ಲವನಾಗಿದ್ದೆ.

ಈ ಗುಣ ಕೆಲಸದಿಂದ ಬಂದದ್ದೆಂದು ನೌಕರಿಯ ಮೇಲೆ ತಪ್ಪು ಹೊರಿಸಲಾರೆ. ಹುಟ್ಟಿನಿಂದ ಬಂದದ್ದೇ ಇರಬೇಕು. ನಮ್ಮ ಅಪ್ಪ ಚಪ್ಪಲಿ ಮಾಡುತ್ತಿದ್ದ. ಒಮ್ಮೆ ಜುಗೂಳದ ಒಬ್ಬ ರೈತನಿಗೆ ಹೊಸ ಜೋಡು ಕೊಡಲು ಹೋಗುವಾಗ ನನ್ನನ್ನೂ ಕರೆದುಕೊಂಡು ಹೋದ. ಕೆಲಸ ಮುಗಿಸಿ ಕೃಷ್ಣೆಯ ದಂಡೆಗೆ ಬಂದೆವು. ಹೊಳೆ ತುಂಬಿ ಹರಿಯುತ್ತಿತ್ತು. "ನೋಡಲೇ, ಹೆಂಗ ಐತಿ ಹೊಳಿ" ಎಂದ ಅಪ್ಪ. ನಾನು, "ಹೊಳ್ಳಿ ಹೋಗೂ ಬಸ್ಸು ಯಾವಾಗ ಐತ್ಯೋ ಅಪ್ಪಾ?" ಎಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಕೇಳಿದೆ. ಮೂರನೆಯ ಸಲ ಕೇಳಿದಾಗ ಅಪ್ಪ ನನ್ನ ಕುತ್ತಿಗೆ ಹಿಡಿದು ತಲೆಯನ್ನು ನೀರಲ್ಲಿ ಮುಳುಗಿಸಿ ಎತ್ತಿದ.

"ಈಗ ಎಲ್ಲಿ ಅದೀಲೇ?"

"ಹೊಳ್ಯಾಗ!"

"ಗೊತ್ತಾತಲ್ಲ? ಇರು ಹಂಗಾರ ಅಲ್ಲೇ."

ಅಂಗಿ ಹಿಂಡಿ ಬಿಸಿಲಿಗೆ ಹಿಡಿದುಕೊಂಡು ನಿಂತಾಗ ನಾನು ಬಸ್ಸು ಯಾವಾಗ ಎಂದು ಮತ್ತೆ ಕೇಳಿದೆನಂತೆ. ಅಪ್ಪ ಸಾಯುವವರೆಗೂ ಇದನ್ನು ಬಂದವರಿಗೆಲ್ಲ ಹೇಳಿ ನಗುತ್ತಿದ್ದ.

ಅಪ್ಪನ ಕಸುಬು ನನಗೆ ಬರಲಿಲ್ಲ, ಸುಮಿತ್ರಾಗೆ ಬಂತು. ನಮ್ಮ ಓಣಿಯಲ್ಲಿ ತೊಗಲು ಕೊಯ್ಯುವುದು, ಅಟ್ಟೆ ಬಡಿಯುವುದು ಗಂಡಸರ ಕೆಲಸವಾದರೆ, ಚಪ್ಪಲಿಯ ಮೇಲಿನ ಪಟ್ಟಿಗೆ ವೇಣಿ ಹೆಣೆಯುವುದು ಹೆಂಗಸರ ಕೆಲಸ. ಜಡೆ ಹೆಣೆದ ಹಾಗೆ ತೊಗಲಿನ ಸಣ್ಣ ಎಳೆಗಳನ್ನು ಹೆಣೆಯಬೇಕು. ಎಳೆಗಳನ್ನು ನೀರಲ್ಲಿ ನೆನೆಹಾಕಿ, ಒಂದು ತುದಿಯನ್ನು ಕಾಲ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಎಳೆ ಹಸಿ ಇರುವಾಗಲೇ ಹೆಣೆದು ಮುಗಿಸಬೇಕು. ಬಹಳ ಹಸಿ ಇದ್ದಾಗ ಹೆಣೆದರೆ ಒಣಗಿದ ಮೇಲೆ ಸಡಿಲಾಗುತ್ತದೆ. ಒಣಗಿದ ಮೇಲೆ ಹೆಣೆಯ ಹೋದರೆ ಕಡಿದುಹೋಗುತ್ತದೆ. ನಡುವೆ ಒಂದಿಷ್ಟು ಹೊತ್ತು ಅದು ಕೈಯ ಮಾತು ಕೇಳುತ್ತದೆ. ಆ ಹೊತ್ತಿನಲ್ಲಿ ಸುಮಿತ್ರಾಗೆ ಯಾರು ಕರೆದರೂ ಕೇಳಿಸುತ್ತಿರಲಿಲ್ಲ. ನಾನು ಬಾಗಿಲಲ್ಲಿ ನಿಂತು, ನಾಳೆ ಬೆಳಿಗ್ಗೆ ಇಂಥಲ್ಲಿ ಹೋಗಬೇಕು, ನಾಡಿದ್ದು ಇಂಥವರು ಬರುತ್ತಾರೆ ಎಂದು ಹೇಳುತ್ತಿದ್ದರೆ ಆಕೆಯ ಕಣ್ಣು ಹೆಬ್ಬೆರಳಿನ ಮೇಲೆಯೇ ಇರುತ್ತಿತ್ತು. ಒಂದು ತೊಗಲಿನ ಎಳೆಯ ಮೇಲೆ ಹೊಟ್ಟೆಕಿಚ್ಚುಪಟ್ಟ ಗಂಡಸು ಅಥಣಿ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು.

ಆದರೆ ತೊಗಲು ಮಾತಾಡುವುದಿಲ್ಲ. ಜೈತುನ್ ಮಾತಾಡುತ್ತಾಳೆ.

ಜೈತುನ್ ನಮ್ಮ ಪಕ್ಕದ ಮನೆಯವಳು. ಎರಡೂ ಮನೆಗೆ ನಡುಗೋಡೆ ಒಂದೇ. ಅವಳ ಗಂಡ ಸಂತೆ ಸಂತೆ ತಿರುಗಿ ಬಳೆ ಮಾರುತ್ತಾನೆ. ಮದುವೆಯಾಗಿ ನಮ್ಮ ಓಣಿಗೆ ಬಂದಾಗ ಅವಳಿಗೆ ತೊಗಲಿನ ವಾಸನೆ ಆಗಿಬರುತ್ತಿರಲಿಲ್ಲವಂತೆ. ಸುಮಿತ್ರಾ ಅವಳನ್ನು ಎದುರಿಗೆ ಕೂರಿಸಿಕೊಂಡು ವೇಣಿ ಹೆಣೆಯಲು ಕಲಿಸಿದಳು. ಅಂದಿನಿಂದ ದಿನಾ ಹನ್ನೊಂದು ಗಂಟೆಗೆ, ಅಂದರೆ ನಮ್ಮ ಗಡಿಯಾರದ ಹನ್ನೊಂದೂ ಹನ್ನೆರಡಕ್ಕೆ, ಜೈತುನ್ ತನ್ನ ನೀರಿನ ಬೋಗುಣಿ ಹಿಡಿದುಕೊಂಡು ಬರುವಳು. ಇಬ್ಬರೂ ಎದುರುಬದುರು ಕುಳಿತು, ಇಬ್ಬರೂ ಕಾಲು ಚಾಚಿ, ಒಬ್ಬಳು ಎಡಗಾಲಿನ ಪಟ್ಟಿ, ಒಬ್ಬಳು ಬಲಗಾಲಿನ ಪಟ್ಟಿ. ಅದೇನು ಮಾತಾಡುತ್ತಿದ್ದರೋ ಗೊತ್ತಿಲ್ಲ. ನಾನು ಒಳಗೆ ಬಂದರೆ ನಿಲ್ಲುತ್ತಿತ್ತು.

ಸುಮಿತ್ರಾಳ ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದು ತಿಳಿದ ಮೇಲೆ ನಾನು ಬಹಳ ಓಡಾಡಿದೆ. ಇದನ್ನು ಯಾರೂ ಅಲ್ಲಗಳೆಯಲಾರರು. ಮೀರಜದಲ್ಲಿ ಆಪರೇಷನ್ ಆಯಿತು. ಆಮೇಲೆ ತಪಾಸಣೆ, ಔಷಧ, ಮತ್ತೆ ತಪಾಸಣೆ. ನಾನು ಒಂದು ದಪ್ಪ ಫೈಲು ಮಾಡಿದೆ. ವರದಿಗಳನ್ನು ತಾರೀಖಿನ ಪ್ರಕಾರ ಜೋಡಿಸಿ ಬಣ್ಣದ ಚೀಟಿ ಅಂಟಿಸಿದೆ. ಅಲ್ಲಿಯ ಡಾಕ್ಟರರೇ ಅದನ್ನು ನೋಡಿ ಮೆಚ್ಚಿಕೊಂಡರು. ಸುಮಿತ್ರಾ ಹಾಸಿಗೆಯಲ್ಲಿ ಕಣ್ಣು ಬಿಟ್ಟರೆ ಸಾಕು, ಮುಂದಿನ ತಾರೀಖು ಯಾವುದು, ಯಾವ ಬಸ್ಸಿಗೆ ಹೋಗಬೇಕು, ಕಾಗವಾಡದಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಹೇಳುತ್ತಿದ್ದೆ. ಆಕೆ ಕೇಳಿಕೊಂಡು, "ಆತು. ಇವತ್ತ ಏನು?" ಎನ್ನುತ್ತಿದ್ದಳು. ಇವತ್ತು ಏನೂ ಇಲ್ಲ ಎಂದು ನಾನು ಹೇಳುತ್ತಿದ್ದೆ. ಫೈಲಿನಲ್ಲಿ ಇವತ್ತಿಗೆ ಚೀಟಿ ಇರಲಿಲ್ಲ.

ಹಾಗೆ ಎಂಟು ತಿಂಗಳು. ಒಂದು ಮುಂಜಾನೆ ಮುಂದಿನ ತಾರೀಖಿಗೆ ಇನ್ನೂ ನಾಲ್ಕು ದಿನ ಇರುವಾಗಲೇ ಸುಮಿತ್ರಾ ಹೋಗಿಬಿಟ್ಟಳು.

ಮಾತಾಡಿಸಲು ಬಂದವರ ನಡುವೆ ಜೈತುನ್ ಕುಳಿತಿರುತ್ತಿದ್ದಳು. ಯಾರಾದರೂ ಸುಮಿತ್ರಾಳ ಹೆಸರು ತೆಗೆದರೆ ಸಾಕು, ಅವಳ ಹತ್ತಿರ ಒಂದು ಮಾತು ಸಿದ್ಧ. ಸುಮಿ ಹಿಂಗಂದ್ಲು, ಸುಮಿ ಹಂಗ ನಕ್ಕಳು, ಡಾಕ್ಟರ ಮೀಶಿ ನೋಡಿ ಸುಮಿ ಇಂಥಾದ್ದೊಂದು ಹೆಸರಿಟ್ಟಿದ್ದಳು. ಆ ಡಾಕ್ಟರನ್ನು ಇಪ್ಪತ್ತು ಸಲ ನೋಡಿದವನು ನಾನು. ಅವರಿಗೆ ಮೀಸೆ ಇದೆ ಎಂಬುದೇ ನನಗೆ ಅಂದು ತಿಳಿಯಿತು. ಬಂದವರು ಕಣ್ಣು ಒರೆಸಿಕೊಳ್ಳುತ್ತ ನಗುತ್ತಿದ್ದರು. ನನ್ನ ಕಡೆ ತಿರುಗಿ, "ಭಾಳ ಓಡ್ಯಾಡಿದ್ರಿ ಬಿಡ್ರಿ ಪಾಪ" ಎನ್ನುತ್ತಿದ್ದರು. ಜೈತುನಳ ಪಾಲಿಗೆ ಹೆಂಡತಿ ಬಂದಿದ್ದಳು, ನನ್ನ ಪಾಲಿಗೆ ಫೈಲು ಬಂದಿತ್ತು.

ಇದು ನ್ಯಾಯವೇ, ನೀವೇ ಹೇಳಿ. ದಿನಾ ಹನ್ನೊಂದು ಗಂಟೆಗೆ ನಾನು ಬಾಗಿಲು ಹಾಕಿಕೊಳ್ಳಲು ಶುರುಮಾಡಿದೆ. ನಲ್ಲಿಯ ಹತ್ತಿರ ಅವಳು ಎದುರಾದರೆ ಕೊಡ ತುಂಬುವುದನ್ನೇ ಬಹಳ ಗಮನವಿಟ್ಟು ನೋಡುತ್ತಿದ್ದೆ.

ಮಳೆಗಾಲದಲ್ಲಿ ನಮ್ಮ ಓಣಿಯ ವಿಹಾರದಲ್ಲಿ ಮೂರು ತಿಂಗಳು ಸಂಜೆ ಎಲ್ಲರೂ ಕೂಡಿ ವಂದನೆ ಹೇಳುವುದು, ಧಮ್ಮದ ಮಾತು ಕೇಳುವುದು ನಮ್ಮ ಹಿರಿಯರ ಕಾಲದಿಂದ ನಡೆದು ಬಂದಿದೆ. ವಿಹಾರ ಎಂದರೆ ದೊಡ್ಡದೇನಲ್ಲ. ತಗಡಿನ ಚಾವಣಿ, ಬಿಳಿ ಸುಣ್ಣದ ಗೋಡೆ, ಬುದ್ಧನ ಮೂರ್ತಿ. ಈ ಸಲ ಗಡಿಯ ಆಚೆಯಿಂದ ಒಬ್ಬ ಭಂತೇಜಿ, ಅಂದರೆ ಬೌದ್ಧ ಭಿಕ್ಕು, ಬಂದಿದ್ದರು. ಇನ್ನೂ ಚಿಕ್ಕ ವಯಸ್ಸು. ಮರಾಠಿ ಬೆರೆತ ಕನ್ನಡ.

"ಗೇಲೆ ತೇ ಗೇಲೆ. ಹೋದದ್ದು ಹೋತು. ಬರೂದು ಇನ್ನಾ ಬಂದಿಲ್ಲ. ಈ ಉಸುರು ಒಂದ ಐತಿ ನೋಡ್ರಿ ನಿಮ್ಮ ಕಡೆ. ಅದನ್ನ ನೋಡಕೋತ ಕುಂದರ್ರಿ" ಎಂದರು.

ಕುಳಿತೆ. ಕಣ್ಣು ಮುಚ್ಚಿದೆ. ಉಸಿರು ಒಳಗೆ ಬಂತು. ಬಂದದ್ದೇ ತಡ, ಇದು ಹೊರಗೆ ಹೋಗುವುದು ಯಾವಾಗ, ಇದರ ಹಿಂದಿನದು ಎಲ್ಲಿದೆ ಎಂದು ನನ್ನ ಮನಸ್ಸು ಗೇಟಿನ ಕಡೆ ನೋಡತೊಡಗಿತು. ಹತ್ತು ನಿಮಿಷದಲ್ಲಿ ನಾನು ಮೂಗಿನ ಎರಡೂ ಹೊಳ್ಳೆಗಳಿಗೆ ಪ್ಲಾಟ್‌ಫಾರ್ಮ್ ನಂಬರು ಕೊಟ್ಟಿದ್ದೆ. ಒಂದು ಕಣ್ಣು ತೆರೆದು ನೋಡಿದರೆ ಸುತ್ತಲೂ ಎಲ್ಲರೂ ಆರಾಮವಾಗಿ ಕುಳಿತಿದ್ದಾರೆ. ಬಾಗಿಲ ಹೊರಗೆ ಓಣಿಯ ಕಂದು ನಾಯಿ ಕಾಲು ಚೆಲ್ಲಿ ಮಲಗಿದೆ; ಅದರ ಹೊಟ್ಟೆ ಏರುತ್ತಿದೆ, ಇಳಿಯುತ್ತಿದೆ. ಭಂತೇಜಿ ಹೇಳಿದ್ದು ಅದಕ್ಕೊಂದಕ್ಕೆ ಪೂರ್ತಿ ತಿಳಿದಿತ್ತು. ಅದರ ಮೇಲೂ ಉರಿಯಿತು.

ಮುಗಿದ ಮೇಲೆ ನಾನು ಭಂತೇಜಿಯ ಹತ್ತಿರ ಹೋಗಿ ಕೇಳಿಯೇಬಿಟ್ಟೆ: "ಭಂತೇಜಿ, ನಮ್ಮಾಕಿ ಇರೂದು ಹಿಂದ. ಈ ಉಸುರಿನ್ಯಾಗ ಅಕಿ ಇಲ್ಲ. ಅಕಿ ಇರದ ಜಾಗಾದಾಗ ನಾ ಯಾಕ ಕುಂದರ್ಲಿ?"

ಅವರು ಮೆಲ್ಲಗೆ, "ಅಕಿ ಇದ್ದಾಗ ನೀವು ಅಲ್ಲಿ ಇದ್ರೇನು, ಕಂಟ್ರೋಲರ್ ಸಾಹೇಬ್ರ?" ಎಂದರು.

ಕುಹಕವಿರಲಿಲ್ಲ ಅದರಲ್ಲಿ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದ್ದರು. ನಾನು ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದೆ. ಎರಡು ವಾರ ವಿಹಾರಕ್ಕೆ ಹೋಗಲಿಲ್ಲ.

ಆದರೆ ಎಷ್ಟು ದಿನ ತಪ್ಪಿಸಿಕೊಳ್ಳಲಾದೀತು? ವರ್ಷದ ದಿನ ಹತ್ತಿರ ಬಂತು. ತೀರಿಕೊಂಡವರ ಹೆಸರಲ್ಲಿ ವರ್ಷಕ್ಕೆ ವಿಹಾರದಲ್ಲಿ ಪುಣ್ಯಾನುಮೋದನ ಮಾಡುತ್ತೇವೆ. ಎಲ್ಲರೂ ಬಿಳಿ ಬಟ್ಟೆ ಉಟ್ಟು ಬರುತ್ತಾರೆ. ವಂದನೆಯ ನಂತರ ತೀರಿಕೊಂಡವರ ಬಗ್ಗೆ ಒಬ್ಬೊಬ್ಬರು ಮಾತಾಡುತ್ತಾರೆ. ಇದಕ್ಕೆ ನಮ್ಮ ಓಣಿಯಲ್ಲಿ ಮಾತ್ರ ಒಂದು ನೇಮವಿದೆ. ಹಿಂದೆ ಒಬ್ಬ ಭಾರೀ ಸಿಟ್ಟಿನ ಮನುಷ್ಯ ತೀರಿಕೊಂಡಾಗ, ಬಂದವರೆಲ್ಲ ಎದ್ದೆದ್ದು ನಿಂತು, ಅವರು ಶಾಂತಮೂರ್ತಿ, ಯಾರಿಗೂ ಒಂದು ಬಿರುಸು ಮಾತು ಆಡಿದವರಲ್ಲ ಎಂದು ಹೊಗಳಿದರಂತೆ. ನಾಲ್ಕನೆಯವರು ಮಾತು ಮುಗಿಸುವಾಗ ಅವನ ಹೆಂಡತಿ ಎದ್ದು, "ಎಪ್ಪಾ, ನೀವು ಯಾರ ಬಗ್ಗೆ ಮಾತಾಡಾಕತ್ತೀರಿ? ನಾ ತಪ್ಪಿ ಬ್ಯಾರೆಯವ್ರ ಕಾರ್ಯಕ್ಕ ಬಂದು ಕುಂತೇನಿ ಏನು?" ಎಂದಳಂತೆ. ಅಂದಿನಿಂದ ಹಿರಿಯರು ನೇಮ ಮಾಡಿದರು: ಗುಣ ಹೊಗಳುವ ಹಾಗಿಲ್ಲ, ಬೇರೆಯವರಿಂದ ಕೇಳಿದ್ದು ಹೇಳುವ ಹಾಗಿಲ್ಲ. ಅವರು ಬದುಕಿದ್ದಾಗ ನೀವು ಕಣ್ಣಾರೆ ಕಂಡ, ಕಿವಿಯಾರೆ ಕೇಳಿದ ಒಂದೇ ಒಂದು ಗಳಿಗೆ ಹೇಳಬೇಕು, ಕುಳಿತುಬಿಡಬೇಕು. ಮನೆಯವರು ಕೊನೆಗೆ ಹೇಳಬೇಕು.

ಮನೆಯವನು ಎಂದರೆ ನಾನು. ಕಾರ್ಯ ಮುಂದಿನ ಭಾನುವಾರ, ಇದ್ದದ್ದು ಒಂದು ವಾರ. ಮೂವತ್ತೆರಡು ವರ್ಷದ ಸಂಸಾರದಲ್ಲಿ ಒಂದು ಗಳಿಗೆ ಹುಡುಕಲು ಒಂದು ವಾರ ಸಾಲದೆ ಎಂದು ಮೊದಲ ದಿನ ಅಂದುಕೊಂಡೆ.

ನಮ್ಮ ತಾಲೂಕಿನದೇ ಅನಂತಪುರದ ದ್ರಾಕ್ಷಿ ತೋಟ ನೆನಪಾಯಿತು. ನಮ್ಮ ಪರಿಚಯದವರ ತೋಟ. ಹಣ್ಣು ಬಿಟ್ಟ ಕಾಲದಲ್ಲಿ ಕರೆದಿದ್ದರು. ಚಪ್ಪರದ ಕೆಳಗೆ ಕುಳಿತು ಸುಮಿತ್ರಾ ಗೊಂಚಲಿನಿಂದ ಒಂದೊಂದೇ ಹಣ್ಣು ಬಿಡಿಸಿ ತಿನ್ನುತ್ತಿದ್ದಳು. ಒಂದನ್ನು ನನ್ನ ಬಾಯಿಗೂ ಹಾಕಿದಳು.

"ಹೆಂಗ ಐತ್ರಿ? ಹುಳಿಯೋ, ಸಿಹಿಯೋ?"

"ಐದೂ ಇಪ್ಪತ್ತಕ್ಕ ಐತಿ. ಅದು ತಪ್ಪಿದ್ರ ಏಳಕ್ಕ."

ಚೆನ್ನಾಗಿದೆ, ಜನ ನಗುತ್ತಾರೆ. ಆದರೆ ಹೇಳಲು ಹೊರಟರೆ ಮುಂದೇನು? ಆ ದಿನ ಆಕೆ ಉಟ್ಟ ಸೀರೆ ಯಾವುದು? ನನ್ನ ಮಾತಿಗೆ ಆಕೆ ನಕ್ಕಳೇ, ಮುಖ ತಿರುಗಿಸಿದಳೇ? ಹಣ್ಣು ಹುಳಿಯಿತ್ತೇ, ಸಿಹಿಯಿತ್ತೇ? ಬಸ್ಸು ಆರು ನಿಮಿಷ ತಡವಾಗಿ ಬಂದದ್ದು ಮಾತ್ರ ಸ್ಪಷ್ಟವಾಗಿ ನೆನಪಿದೆ. ಮದುವೆಯ ದಿನ ನೆನೆಸಿಕೊಂಡೆ: ಬೀಗರ ಲಾರಿ ಬರುವುದು ತಡವಾಗಿತ್ತು. ಮೊದಲ ಸಲ ನಿಪ್ಪಾಣಿಗೆ ಸಿನಿಮಾ ನೋಡಲು ಹೋದದ್ದು ನೆನೆಸಿಕೊಂಡೆ: ಕೊನೆಯ ಬಸ್ಸು ತಪ್ಪೀತೆಂದು ಮುಗಿಯುವ ಮೊದಲೇ ಎದ್ದು ಬಂದಿದ್ದೆವು. ಎಲ್ಲಿ ಕೈಹಾಕಿದರೂ ಹೊತ್ತು ಸಿಗುತ್ತಿತ್ತು, ಹೆಂಡತಿ ಸಿಗುತ್ತಿರಲಿಲ್ಲ. ನಾಲ್ಕನೆಯ ದಿನಕ್ಕೆ ನನಗೆ ಹೆದರಿಕೆಯಾಯಿತು. ಆಕೆಯ ಜೊತೆ ಇದ್ದದ್ದು ನಾನಲ್ಲ, ನನ್ನ ಕೈಗಡಿಯಾರ ಎಂದು ವಿಹಾರದಲ್ಲಿ ಎಲ್ಲರ ಎದುರು ಗೊತ್ತಾಗಿಬಿಡುತ್ತದೆ. ಜೈತುನಳ ಎದುರು ಗೊತ್ತಾಗುತ್ತದೆ.

ಆಗ ನಾನು ಮಾಡಿದ ಸಣ್ಣತನವನ್ನೂ ಹೇಳಿಬಿಡುತ್ತೇನೆ. ಭಂತೇಜಿಯ ಹತ್ತಿರ ಹೋಗಿ, ಈ ಸಲ ಹೆಚ್ಚು ಮಂದಿ ಮಾತಾಡುವುದು ಬೇಡ, ಮನೆಯವರು, ನಮ್ಮ ಸಮಾಜದವರು ಇಬ್ಬರು ಹೇಳಿದರೆ ಸಾಕು ಎಂದೆ. ಅವರು, "ಜೈತುನ್ ತಾಯಿ ಅಂತೂ ಹೇಳತಾರಲ್ಲ?" ಎಂದರು. ಮಳೆ ಬರುವ ಹಾಗಿದೆ ಎಂದು ಹೇಳಿ ನಾನು ಎದ್ದು ಬಂದೆ.

ಮರುದಿನ ಬೆಳಿಗ್ಗೆ ನಲ್ಲಿಯ ಹತ್ತಿರ ಜೈತುನ್ ನನ್ನ ಕೊಡಕ್ಕೆ ಅಡ್ಡ ನಿಂತಳು.

"ಭಾವಾರ, ಐತಾರ ನಾ ಯಾವದು ಹೇಳ್ಲಿ?"

"ನಿನ್ನಿಚ್ಛಾ."

"ಹಂಗಲ್ಲ. ನನ್ನ ಕಡೆ ಭಾಳ ಅದಾವ. ಮನ್ಯಾವ್ರು ನೀವು. ಯಾವದು ಛಲೋ ಐತಿ ಅದನ್ನ ನೀವ ತಗೋರಿ, ಉಳದದ್ದು ನಾ ಹೇಳ್ತೇನಿ."

ಒಂದು ವಾಟಿ ಸಕ್ಕರೆ ಬೇಕೇನ್ರಿ ಎಂದು ಕೇಳಿದ ಹಾಗೆ ಕೇಳಿದಳು. ಅವಳ ಮುಖದಲ್ಲಿ ಕಪಟವಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು.

"ನನ್ನ ಹೇಣ್ತಿ ನೆನಪು ಕೇಳಾಕ ನಾ ಮಂದಿ ಮನಿ ಬಾಗಲಕ್ಕ ಬರೂದಿಲ್ಲ" ಎಂದೆ. ದನಿ ಏರಿತ್ತು. ನಲ್ಲಿಯ ಹೆಂಗಸರೆಲ್ಲ ತಿರುಗಿ ನೋಡಿದರು.

"ನನಗ ಮಂದಿ ಅಂದ್ರಿ?" ಎಂದಳು ಜೈತುನ್. ಆಮೇಲೆ ತನ್ನ ಕೊಡ ಎತ್ತಿಕೊಂಡು, ಅರ್ಧವೇ ತುಂಬಿದ್ದ ಕೊಡ, ಹೊರಟುಹೋದಳು.

ಭಾನುವಾರ ಬಂತು. ನಾನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ವಿಹಾರದಲ್ಲಿ ಎಲ್ಲರಿಗಿಂತ ಮೊದಲು ಹೋಗಿ ಕುಳಿತಿದ್ದೆ. ಹೇಳಲು ಇನ್ನೂ ಏನೂ ಇರಲಿಲ್ಲ. ದ್ರಾಕ್ಷಿಯ ಕಥೆಗೆ ಒಂದು ಸುಳ್ಳು ಸೀರೆ ಉಡಿಸಿ, ಸುಳ್ಳು ಸಿಹಿ ಸೇರಿಸಿ ಹೇಳಿಬಿಡುವುದೆಂದು ನಿಶ್ಚಯಿಸಿದ್ದೆ. ವಂದನೆ ಮುಗಿಯಿತು. ಒಬ್ಬಿಬ್ಬರು ಮಾತಾಡಿದರು. ಆಮೇಲೆ ಜೈತುನ್ ಎದ್ದಳು. ಬಿಳಿ ಸೆರಗು ತಲೆಯ ಮೇಲೆ ಹೊದ್ದಿದ್ದಳು.

"ನಾ ಕಂಡದ್ದು ಒಂದ ಗಳಿಗಿ ಹೇಳ್ತೇನ್ರಿ. ಸುಮಿ ಹೋಗೂ ಮುಂಚೆ ಹದಿನೈದು ದಿನದ ಮಾತು. ವೇಣಿ ಹೆಣ್ಯಾಕ ಕುಂತಿದ್ಲು. ಕೈ ನಡಗತಿದ್ವು. ಒಂದು ಎಳಿ ತಪ್ಪತು. ಬಿಚ್ಚಿದ್ಲು. ಮತ್ತ ಹೆಣದ್ಲು, ಮತ್ತ ತಪ್ಪತು, ಮತ್ತ ಬಿಚ್ಚಿದ್ಲು. 'ಬಿಡ ಸುಮಿ, ನಾಳಿ ಮಾಡೂಣು' ಅಂದೆ. 'ತೊಗಲು ನಾಳಿಗಿ ಹಸಿ ಇರೂದಿಲ್ಲ ಬೇ' ಅಂದ್ಲು. ಮತ್ತ ಹೆಣದ್ಲು. ಬರೋಬರಿ ಬಂತು. ಬಂದಿದ್ದ ನೋಡಿ ಹಿಂಗ ಕೈ ಝಾಡಿಸಿದ್ಲು. ಅಷ್ಟ ರಿ."

ಕೈಯನ್ನು ಗಾಳಿಯಲ್ಲಿ ಒಮ್ಮೆ ಕೊಡವಿ ತೋರಿಸಿ ಕುಳಿತಳು. ಅದು ಸುಮಿತ್ರಾಳದೇ ಕೈ. ಕೆಲಸ ಮುಗಿದಾಗ ಆಕೆ ಹಾಗೆಯೇ ಮಾಡುತ್ತಿದ್ದಳು ಎಂಬುದು ಜೈತುನ್ ಮಾಡಿ ತೋರಿಸಿದ ಮೇಲೆ ನನಗೆ ಗೊತ್ತಾಯಿತು. ವಿಹಾರದಲ್ಲಿ ಯಾರೋ ಬಿಕ್ಕಿದರು.

ನನ್ನೊಳಗೆ ಹೊಟ್ಟೆಕಿಚ್ಚು ಭಗ್ಗನೆ ಎದ್ದಿತು. ಎರಡೂ ಕಿವಿ ಬಿಸಿಯಾಗುವ ಹಾಗೆ. ಅದೇ ಕ್ಷಣ, ಈ ಬಿಸಿ ಹೊಸದಲ್ಲ, ಹಿಂದೊಮ್ಮೆ ನನ್ನ ಕಿವಿಗಳು ಥೇಟ್ ಹೀಗೆಯೇ ಕಾದಿದ್ದವು ಎಂದು ಹೊಳೆಯಿತು. ಭಂತೇಜಿ ನನ್ನ ಕಡೆ ನೋಡಿದರು. ನಾನು ಎದ್ದು ನಿಂತೆ. ಬಾಯಿಂದ ದ್ರಾಕ್ಷಿ ಬರಲಿಲ್ಲ. ಬಂದದ್ದು ಇದು.

"ಆಪರೇಷನ್ ಆಗಿ ಎರಡು ತಿಂಗಳ ಆಗಿತ್ತು. ಮೀರಜಕ್ಕ ನಾ ಒಬ್ಬನ ಹೋಗಿ ರಿಪೋರ್ಟ್ ತಗೊಂಡು ಮಧ್ಯಾಹ್ನ ಮೂರಕ್ಕ ಮನಿಗಿ ಬಂದೆ. ನಡಮನಿ ಬಾಗಲಕ್ಕ ನಮ್ಮಾಕಿ ಹಳೇ ಹಸರ ಸೀರಿ ಪರದೆ ಮಾಡಿ ಕಟ್ಟಿದ್ಲು. ಒಳಗ ಅಕಿ ನಗಾಕತ್ತಿದ್ಲು. ಜೈತುನ್ ನಗಾಕತ್ತಿದ್ಲು. ನಾ ಒಳಗ ಹೋದ್ರ ನಗೂದು ನಿಂದರ್ತೈತಿ ಅಂತ ಪರದೆ ಹೊರಗ ನಿಂತೆ. ನನಗ ಭಾಳ ಹೊಟ್ಟಿಕಿಚ್ಚ ಆತು. ನನ್ನ ಜೋಡಿ ಹಿಂಗ ಯಾಕ ನಗೂದಿಲ್ಲ ಅಂತ. ಒಂದೊಂದ ನಗಿ ಕಿವಿಗೊಟ್ಟು ಕೇಳಿದೆ. ಅಕಿ ನಗಿ ಮೂರು ಪಾವಟಿಗಿ ಇಳಿತಿತ್ತು. ಮೊದಲನೇದು ದೊಡ್ಡದು, ಎರಡನೇದು ಸಣ್ಣದು, ಮೂರನೇದ್ರಾಗ ಒಂದು ಸೀಟಿ ಬರತಿತ್ತು, ಉಸುರು ಸಾಲದ. ಆಮ್ಯಾಲ 'ಅಯ್ಯ ನನ್ನವ್ವ' ಅಂತಿದ್ಲು. ಬಿಸಿಲು ಪರದೆ ಬುಡಕಿನ ಎರಡನೇ ಪರಸಿ ಕಲ್ಲಿನ ಮಟ ಬಂದಿತ್ತು. ಹಸಿ ತೊಗಲಿನ ವಾಸನಿ ಬರತಿತ್ತು. ಫೈಲಿನ ಮ್ಯಾಲ ಒಂದು ನೊಣ ಕುಂತು ಮುಂಗಾಲು ತಿಕ್ಕತಿತ್ತು. ನಾ ಗಡಿಯಾರ ನೋಡ್ಲಿಲ್ಲ. ಎಷ್ಟು ಹೊತ್ತು ನಿಂತಿದ್ನೆಂತ ನನಗ ಗೊತ್ತಿಲ್ಲ. ನನಗ ಹೊತ್ತು ಗೊತ್ತಿಲ್ಲದ್ದು ಅದೊಂದ. ಅಷ್ಟ ರಿ."

ಕುಳಿತೆ. ನಾನು ಹೇಳಿದ್ದರ ಅರ್ಥ ನನಗೇ ಆಗಲು ಸ್ವಲ್ಪ ಹೊತ್ತು ಬೇಕಾಯಿತು. ಮೂವತ್ತೆರಡು ವರ್ಷದಲ್ಲಿ ನಾನು ಹೆಂಡತಿಯ ಹತ್ತಿರ ಪೂರ್ತಿಯಾಗಿ ಇದ್ದದ್ದು ಒಂದು ಮಧ್ಯಾಹ್ನ, ಅದೂ ಪರದೆಯ ಹೊರಗೆ. ಭಂತೇಜಿ ಹೇಳಿದ ಹಾಗೆ ಉಸಿರು ನೋಡುತ್ತ ಕೂರಲಾಗದ ನನ್ನನ್ನು ಆ ದಿನ ಅಲ್ಲಿ ಅಲುಗಾಡದ ಹಾಗೆ ನಿಲ್ಲಿಸಿದ್ದು ಹೊಟ್ಟೆಕಿಚ್ಚು. ಎಂಥ ಗುರುವನ್ನು ಹಿಡಿದಿದ್ದೆ ನೋಡಿ.

ಚಹಾ ಆಯಿತು. ಜನ ಹೋದರು. ವಿಹಾರದ ಹಿಂದಿನ ಕಟ್ಟೆಯ ಮೇಲೆ ಜೈತುನ್ ಚಹಾದ ಗ್ಲಾಸು ತೊಳೆಯುತ್ತಿದ್ದಳು. ನಾನು ಹೋಗಿ ಎದುರಿಗೆ ಕುಳಿತು, ತೊಳೆದ ಗ್ಲಾಸುಗಳನ್ನು ಬೋರಲು ಹಾಕತೊಡಗಿದೆ. ಕ್ಷಮೆ ಕೇಳುವುದು ನನಗೆ ಬರುವುದಿಲ್ಲ. ಗ್ಲಾಸು ಬೋರಲು ಹಾಕಲು ಬರುತ್ತದೆ.

"ಭಾವಾರ," ಎಂದಳು ಅವಳು, ತಲೆ ಎತ್ತದೆ. "ಆ ದಿವಸ ನೀವು ಹೊರಗ ನಿಂತಿದ್ದು ನಮಗ ಗೊತ್ತಿತ್ತು."

"ಹೆಂಗ?"

"ಪರದೆ ಗಿಡ್ಡ ಇತ್ತಲ್ರಿ. ಕೆಳಗ ನಿಮ್ಮ ಎರಡೂ ಕಾಲು ಕಾಣಾಕತ್ತಿದ್ವು."

ಬೋರಲು ಹಾಕಿದ್ದ ಗ್ಲಾಸನ್ನು ನಾನು ಮತ್ತೆ ನೆಟ್ಟಗೆ ಇಟ್ಟೆ.

"ಮೊದ್ಲ ನೋಡಿದ್ದು ಸುಮಿ. ನನಗ ಕಣ್ಣ ಸನ್ನಿ ಮಾಡಿದ್ಲು. ನಾ ಸುಮ್ಮನಾದೆ, ನೀವು ಬರಲೆಂತ. ಅಕಿ ನನ್ನ ತೊಡಿ ಚೂಟಿದ್ಲು. 'ನಗ ಬೇ' ಅಂದ್ಲು ಸಣ್ಣ ದನೀಲೆ. 'ನಿಂತಾರ. ಜಲ್ಮದಾಗ ಒಮ್ಮೆರೆ ನಿಂತಾರ. ನಾವು ಸುಮ್ಮನಾದ್ರ ಒಳಗ ಬಂದು ಮುಂದಿನ ತಾರೀಖ ಹೇಳ್ತಾರ, ನಗ.' ಹೊಟ್ಟಿ ಹೊಲಿಗಿ ಜಗ್ಗತಿತ್ತ ರಿ ಅಕೀಗಿ. ಕೈಯಿಂದ ಹಿಂಗ ಒತ್ತಿ ಹಿಡಕೊಂಡ ನಗತಿದ್ಲು. ನಗೂ ಮಾತು ಯಾವಾಗೋ ಮುಗದಿತ್ತು. ಸುಮ್ಮ ಸುಮ್ಮಕ ನಕ್ಕಿವಿ."

"ಒಂದು ವರ್ಷ ಆತು," ಎಂದೆ. "ಯಾಕ ಹೇಳ್ಲಿಲ್ಲ?"

"ನೀವು ಬಾಗಲಾ ಹಾಕ್ಕೊಂಡ ಕುಂತ್ರ ಯಾರಿಗಿ ಹೇಳ್ಲಿ?"

ಆ ದಿನ ನಗು ನಿಂತ ಮೇಲೆ ನಾನು ಪರದೆ ಸರಿಸಿ ಒಳಗೆ ಹೋಗಿದ್ದೆ. ವಿಹಾರದಲ್ಲಿ ಅಷ್ಟನ್ನು ಹೇಳಿರಲಿಲ್ಲ. ಹೋದವನೇ, "ಗುರುವಾರ ಹತ್ತೂವರೆಗೆ ಬರಾಕ ಹೇಳ್ಯಾರ" ಎಂದಿದ್ದೆ. ಸುಮಿತ್ರಾ ಎಂದಿನಂತೆ "ಆತು" ಅಂದಳು. ಅಂದವಳೇ ಜೈತುನಳ ಕಡೆ ಒಮ್ಮೆ ನೋಡಿದಳು. ಆ ನೋಟ ಅವರಿಬ್ಬರದು, ಅದರಲ್ಲಿ ನನಗೆ ಪಾಲಿಲ್ಲ ಎಂದು ನಾನು ಅಂದಿನಿಂದ ಉರಿಯುತ್ತ ಬಂದಿದ್ದೆ. ಅದು ಪೂರ್ತಿ ನನ್ನ ಬಗ್ಗೆಯೇ ಇತ್ತೆಂದು ತಿಳಿದದ್ದು ಆ ಗ್ಲಾಸುಗಳ ಎದುರು.